ಹದಿಮೂರು ಪಾಯಿಂಟ್ ಎಂಟು

ಟೊಮೇಟೊ ಲಾರಿಗಳ ಸಂದಿಯಲ್ಲಿ ಒಂದು ಸ್ಕೂಟರ್ ಬಂದು ನಿಂತಿತು.
ಇಳಿದವಳು ವಿಮಾನ ಓಡಿಸುತ್ತಾಳಂತೆ. ಹೆಸರು ಲವೀನಾ.
ಕೈಯಲ್ಲಿ ಸುಟ್ಟ ಡಬ್ಬಿ: ಕಾರಿಗೆ ದಾರಿ ತೋರುವಂಥದು,
ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಬಾಲವಿದ್ದದ್ದು.
ಮೂಸಿದೆ.
ಕೆಪಾಸಿಟರ್ ಹೊಟ್ಟೆಯೊಡೆದ ವಾಸನೆ.
ಆ ಹೆಣಕ್ಕೆ ಪಂಚನಾಮೆ ಬೇಕಿಲ್ಲ.

“ನಿಮ್ಮ ಆಕಾಶ ಎಷ್ಟು ವೋಲ್ಟು ಮೇಡಂ?”
“ಇಪ್ಪತ್ತೆಂಟು.”
“ಈ ಬಡಪಾಯಿ ಕುಡಿಯೋದು ಹನ್ನೆರಡು.”
“ತೂತು ಒಂದೇ ಥರ ಇತ್ತಲ್ಲ,” ಅಂದಳು.
ಇರುತ್ತೆ. ಮೋಸ ಇರೋದೇ ಅಲ್ಲಿ.

ನನಗೂ ಒಮ್ಮೆ ಆಗಿದೆ.
ಹದಿನಾರು ತುಂಬಿತ್ತೋ ಇಲ್ಲವೋ, ಕೋಲಾರದ ಕ್ಲಾಕ್ ಟವರ್ ಹಿಂದೆ
ಲಾರಿಯ ಎರಡು ಬ್ಯಾಟರಿಗಳ ನಡುವಿನಿಂದ ತಂತಿ ಎಳೆದು
ಚಿಂತಾಮಣಿಯ ಡ್ರೈವರನೊಬ್ಬನ ಟೇಪ್ ರೆಕಾರ್ಡರ್ ಹಾಡಿಸಿದ್ದೆ.
ಇಪ್ಪತ್ತು ರೂಪಾಯಿ ಕೊಟ್ಟ, ಬೆನ್ನು ತಟ್ಟಿದ.
ತಿಂಗಳು ಕಳೆಯುವಷ್ಟರಲ್ಲಿ
ಒಂದು ಬ್ಯಾಟರಿ ಕುದಿದು ನೀರಾರಿತ್ತು,
ಇನ್ನೊಂದು ಉಪವಾಸ ಬಿದ್ದು ಸತ್ತಿತ್ತು.
ಪ್ಯಾರೇಜಾನ್ ಉಸ್ತಾದರು ಬೈಯಲಿಲ್ಲ.
ಬೀದಿಯಲ್ಲಿ ಹೋಗುತ್ತಿದ್ದ ಜೋಡೆತ್ತಿನ ಗಾಡಿ ತೋರಿಸಿ,
“ಹೋಗು, ಒಂದಕ್ಕೆ ಮಾತ್ರ ಹುಲ್ಲು ಹಾಕಿ ಬಾ,
ಬೇತಮಂಗಲ ಮುಟ್ಟುತ್ತಾ ನೋಡೋಣ” ಅಂದರು.

ಇವಳ ವಿಮಾನಕ್ಕೆ ಇರುವುದೊಂದೇ ಬ್ಯಾಟರಿ.
ಕೈಹಾಕಲು ನಡು ಎಂಬುದೇ ಇಲ್ಲ.
ರೆಸಿಸ್ಟರ್ ಅಡ್ಡ ಹಾಕಿ ತಡೆದರೆ
ಅರ್ಧ ಕರೆಂಟು ಕಾವಾಗಿ ಹೋಗುತ್ತದೆ, ಯಾರ ಅನ್ನವೂ ಬೇಯುವುದಿಲ್ಲ.
ಹೆಚ್ಚಿ ಕೊಡಬೇಕು,
ಸೆಕೆಂಡಿಗೆ ಲಕ್ಷ ಸಲ,
ಅಲವೇಲು ಮಾತಾಡುತ್ತಲೇ ಹುರುಳಿಕಾಯಿ ಹೆಚ್ಚುವ ಹಾಗೆ,
ಕಣ್ಣು ಇತ್ತ ಇರದೆ, ತುಂಡು ಮಾತ್ರ ಒಂದೇ ಅಳತೆ.

“ವಿಮಾನದ ತಂತಿ ಒಂದನ್ನೂ ಮುಟ್ಟಬಾರದು ಚೌಡರೆಡ್ಡಿ,
ಅದಕ್ಕೆ ಲೈಸೆನ್ಸಿನವರೇ ಬೇಕು.”
“ಆಗಲಿ. ತೂತಿನ ಆಚೆ ನಿಮ್ಮದು, ಈಚೆ ನನ್ನದು.”

ಎರಡು ರಾತ್ರಿ. ಸತ್ತ ಆಂಪ್ಲಿಫೈಯರಿನ ಅಲ್ಯೂಮಿನಿಯಂ ರೆಕ್ಕೆ,
ಐದು ಆಂಪಿಯರಿನ ಫ್ಯೂಸು, ತಾಮ್ರ.
ಮಾಲೂರಿನ ಲಾರಿಯೊಂದಕ್ಕೆ ಸಿಕ್ಕಿಸಿ ನೋಡಿದೆ, ಮೀಟರಿನ ಮುಳ್ಳು ಅಲುಗಲಿಲ್ಲ.
ಹಳೇ ರನ್‌ವೇಯಲ್ಲಿ ಇಂಜಿನ್ ಚಾಲೂ ಆದ ಮೇಲೆ ಮಾತ್ರ
ಅವಳ ಕಿವಿಯೊಳಗೆ ಒಂದು ಸೊಳ್ಳೆ.
ರೇಡಿಯೋದ ಮಾತೆಲ್ಲ ಅದರ ಹಿಂದೆ ಮುಚ್ಚಿಹೋಗಿತ್ತು.
ಲಕ್ಷ ಸಲ ಹೆಚ್ಚಿದರೆ ಈಳಿಗೆಯ ಸದ್ದು ಬಾರದೆ ಇರುತ್ತದೆಯೆ?
ಕಸಕ್ಕೆ ಬಿದ್ದ ಪ್ರಿಂಟರಿನ ತಂತಿಯಿಂದ ಕಪ್ಪು ಉಂಗುರ ಬಿಚ್ಚಿ ತಂದು
ಬಾಲವನ್ನು ಅದರೊಳಗೆ ಮೂರು ಸುತ್ತು ಸುತ್ತಿದೆ.
ಸೊಳ್ಳೆ ಸತ್ತಿತು.

“ದುಡ್ಡಿನ ಜೊತೆಗೆ ಒಂದು ಸುತ್ತು,” ಅಂದಳು. “ಹತ್ತಿ.”

ನೆಲ ಯಾವಾಗ ಬಿಟ್ಟಿತೋ ಕಾಣೆ.
ಎಡಗೈ ಡಬ್ಬಿಯ ರೆಕ್ಕೆಯ ಮೇಲೆ,
ಜ್ವರ ಬಂದ ಮಗುವಿನ ಹಣೆಯ ಮೇಲಿಟ್ಟಂತೆ.
ಬಲಗೈಯಲ್ಲಿ ಮೀಟರು.
ಬಿಸಿ ಇದೆ, ಸುಡುವಷ್ಟಿಲ್ಲ. ವಾಲಿದೆವು, ಬಿಸಿ ಅಷ್ಟೇ ಇದೆ.
ಅವಳು ಏನೋ ತೋರಿಸಿದಳು, ಬೆಟ್ಟವಿರಬೇಕು.
ಹೌದು ಹೌದು ಅಂದೆ.

ರಾತ್ರಿ ಅಲವೇಲು ಬಡಿಸುತ್ತ ಕೇಳಿದಳು,
“ಮೇಲಿಂದ ಏನೇನು ಕಂಡಿತು?
ಅಂತರಗಂಗೆ ಕಂಡಿತಾ? ಕೋಲಾರಮ್ಮನ ಕೆರೆ? ನಮ್ಮ ಮಾಳಿಗೆ?”

“ಹದಿಮೂರು ಪಾಯಿಂಟ್ ಎಂಟು,” ಅಂದೆ.
“ಹೋಗುವಾಗಲೂ, ಬರುವಾಗಲೂ.”

ಸೌಟು ಕೈಯಲ್ಲೇ ನಿಂತಿತು.
ಆಮೇಲೆ ನಕ್ಕು, ಕೇಳದೆಯೇ
ಇನ್ನೊಂದು ಮುದ್ದೆ ಇಟ್ಟಳು.